ರಸ್ತೆ ಕಡೆಯ ಪಾಲು

“ಅವ್ವಾ, ನಿಜಗುಣ ಅಜ್ಜ ಕರದ್ರ ಯಾಕ ಓ ಅನವಲ್ಲಾ?”

ಶಾಲೆಯಿಂದ ಬಂದ ಮಧು ಪಾಟೀಚೀಲವನ್ನೂ ಇಳಿಸದೆ ಪಕ್ಕದ ಮನೆಗೆ ಓಡಿದ್ದಳು. ಅಷ್ಟೇ ಬೇಗ ತಿರುಗಿ ಬಂದು ಹಿತ್ತಲ ಬಾಗಿಲಲ್ಲಿ ನಿಂತು ಹೀಗೆ ಕೇಳಿದಳು. ನಾನು ಬಟ್ಟೆ ಹಿಂಡುತ್ತಿದ್ದೆ. ಮಲಗಿರಬೇಕು, ಬಿಡು ಎಂದೆ.

“ಮಲಗಿಲ್ಲ. ಕಣ್ಣ ತೆರದಾನ. ಕಂಪ್ಯೂಟರ್ ಮುಂದ ಕುಂತಾನ. ಅಂಗಿ ಹಿಡದು ಜಗ್ಗಿದ್ರೂ ನೋಡವಲ್ಲಾ.”

ಒದ್ದೆ ಕೈಯಲ್ಲೇ ಓಡಿದೆ. ಎಪ್ಪತ್ತರ ಹತ್ತಿರ ಬಂದ ಜೀವ, ದಿನಾ ಬೀಪಿ ಗುಳಿಗೆ ನುಂಗುವವರು, ಅವತ್ತು ಮನೆಯಲ್ಲಿ ಒಬ್ಬರೇ. ಹೆಂಡತಿ ಬಾಯವ್ವ ಕಾಕು ಅಣ್ಣನ ಬಸುರಿ ಮಗಳ ಕುಬಸಕ್ಕೆಂದು ತವರೂರು ಚಚಡಿಗೆ ಹೋಗಿದ್ದರು. ಮಗ ಶ್ರೀಶೈಲ ಇಲ್ಲೇ ಬೈಲಹೊಂಗಲದ ಪೇಟೆಯಲ್ಲಿ ಕಾಳುಕಡಿ ಮಾರಿಸಿಕೊಡುವ ಅಡತಿ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಾನೆ, ಕತ್ತಲಾಗುವ ತನಕ ಮನೆ ಸೇರುವುದಿಲ್ಲ.

ನಿಜಗುಣಪ್ಪ ಕಾಕಾ ಪಡಸಾಲೆಯ ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದರು. ಎದುರಿನ ಪರದೆಯ ಮೇಲೆ ನೀಲಿ ಆಕಾಶದ ಚಿತ್ರ, ನಡುವೆ ಕನ್ನಡದಲ್ಲಿ ದೊಡ್ಡದಾಗಿ ನನ್ನ ಮಗಳ ಹೆಸರು, ‘ಮಧು’. ಪರದೆ ಹಬ್ಬದ ಮನೆಯ ಹಾಗೆ ಹೊಳೆಯುತ್ತಿತ್ತು. ಅದರ ಬೆಳಕು ಬಿದ್ದ ಅವರ ಮುಖದಲ್ಲಿ ರಕ್ತದ ಹನಿ ಇರಲಿಲ್ಲ.

“ಕಾಕಾ, ಏನಾತ್ರಿ? ಎದಿ ನೋಯಾಕತ್ತೇತೇನ್ರಿ?”

“ಗಂಗವ್ವಾ,” ಎಂದರು, ನನ್ನ ಕಡೆ ನೋಡದೆಯೇ. “ಬಾಯವ್ವಾ ಹೋದ್ಲು.”

ನಾನು ಬಾಗಿಲ ಚೌಕಟ್ಟು ಹಿಡಿದುಕೊಂಡೆ. ಹಿಂದಿನ ದಿನ ಬೆಳಿಗ್ಗೆ ತಾನೇ ಅವರ ಸೀರೆಯ ನೆರಿಗೆ ಸರಿಮಾಡಿ, ಬಸ್ಸು ಹತ್ತಿಸಿ ಬಂದವಳು ನಾನು.

“ಚಚಡಿಯಿಂದ ಫೋನ್ ಬಂತೇನ್ರಿ?”

“ಫೋನ್ ಇಲ್ಲ. ಆಕಿ ಅಲ್ಲೆ ಆರಾಮ ಅದಾಳ. ಇದರಾಗಿಂದ ಹೋದ್ಲು. ನಾನಽ ಕಳದೆ.”

ಅಷ್ಟು ಹೇಳಿ ಕೀಲಿಮಣೆಯ ಕಡೆ ಬೆರಳು ತೋರಿದರು. ಆಗ ನನಗೆ ತಿಳಿಯಿತು.

ಬಾಯವ್ವ ಕಾಕುವಿನ ಗಂಟಲಲ್ಲಿ ಗಡ್ಡೆ ಬೆಳೆದು, ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು ಎಂದು ಬೆಳಗಾವಿಯ ಡಾಕ್ಟರರು ಹೇಳಿದಾಗ ಮಧು ಇನ್ನೂ ತೊದಲುತ್ತಿದ್ದಳು. ಜೀವ ಉಳಿಯುತ್ತದೆ, ಮಾತು ಉಳಿಯುವುದಿಲ್ಲ ಎಂದಿದ್ದರು. ಆ ಮನೆಯಲ್ಲಿ ಮಾತು ಅಂದರೆ ಕಾಕುವಿನದೇ. ಅವರು ಗೋಡೆಯಾಚೆ ತಮ್ಮ ಬೆಕ್ಕಿಗೆ ಬೈದರೆ ನಮ್ಮ ಮನೆಯ ಬೆಕ್ಕೂ ಅಡುಗೆಮನೆಯಿಂದ ಇಳಿದು ಹೋಗುತ್ತಿತ್ತು. ಆಪರೇಷನ್ನಿಗೆ ಮೊದಲಿನ ದಿನಗಳಲ್ಲಿ ಕಾಕಾ ಪ್ರತಿ ಮಧ್ಯಾಹ್ನ ಅವರನ್ನು ಕಂಪ್ಯೂಟರಿನ ಮುಂದೆ ಕೂರಿಸಿ, ಮೈಕು ಹಿಡಿದು ಮಾತಾಡಿಸಿದರು. ನಾನೂ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಅಲ್ಲಿ ಕೂತಿರುತ್ತಿದ್ದೆ.

“ಏನಂತ ಮಾತಾಡ್ಲಿ?” ಎಂದು ಕಾಕು ಮೊದಲ ದಿನ ಕೇಳಿದರು.

“ದಿನಾ ಏನ್ ಮಾತಾಡ್ತಿ, ಅದನ್ನಽ.”

“ದಿನಾ ನಿಮ್ಮನ್ನ ಬೈತೇನಿ.”

“ಅದನ್ನಽ ಬೈ. ಸ್ವಲ್ಪ ಮೈಕಿನ ಸಮೀಪ ಬಂದು ಬೈ.”

ಹಾಗೆ ತುಂಬಿದ ಮಾತುಗಳನ್ನು ಕಾಕಾ ಕೀಲಿಮಣೆಯ ಒಂದೊಂದು ಗುಂಡಿಗೆ ಕಟ್ಟಿದರು. ಕಾಕು ಓದಿದ್ದು ಮೂರನೆಯ ಇಯತ್ತೆಯ ತನಕ, ಇಂಗ್ಲಿಷ್ ಅಕ್ಷರ ಬಾರದು. ಅದಕ್ಕೆ ಅವರೇ ಗುಂಡಿಗಳ ಮೇಲೆ ಹಣೆಗೆ ಹಚ್ಚುವ ಬಣ್ಣಬಣ್ಣದ ಟಿಕಳಿ ಅಂಟಿಸಿಕೊಂಡರು. ಕೆಂಪು ಟಿಕಳಿ ಒತ್ತಿದರೆ “ಚಾ ಆಗೇತಿ ಬರ್ರಿ”. ಹಸಿರಿಗೆ “ಉಣ್ಣಾಕ ಏಳ್ರಿ, ಆರಿ ಹೊಂಟೇತಿ”. ಹರಳು ಕೂಡಿಸಿದ, ಲಗ್ನಕ್ಕೆ ಹಚ್ಚುವ ದೊಡ್ಡ ಟಿಕಳಿ ಬೈಗುಳಕ್ಕೆ. ಸ್ಪೀಕರನ್ನು ಕಿಟಕಿಯಲ್ಲಿ ಇಟ್ಟಿದ್ದರು, ಓಣಿಗೂ ಕೇಳಲಿ ಎಂದು.

ಓಣಿಗೆ ಕೇಳಿದ್ದೂ ಹೌದು. ಕಾಯಿಪಲ್ಲೆಯ ಗಾಡಿಯವನು ನಿಂತನೆಂದರೆ ಕಿಟಕಿಯಿಂದ ಕಾಕುವಿನ ದನಿ: “ಮೆಂತೇಪಲ್ಲೆ ಹೆಂಗ?” ಅವನು ಬೆಲೆ ಹೇಳಿದರೆ “ಭಾಳ ಆತು.” ಅವನು, “ಕಟ್ಟು ನೋಡ ಆಯಿ, ಎಷ್ಟ್ ದಪ್ಪ ಅದಾವ,” ಎಂದರೆ ಮತ್ತೆ “ಭಾಳ ಆತು.” ಅವನು ಬಿಸಿಲು, ಬಾಡಿಗೆ, ಹೆಂಡತಿಯ ತವರು ಎಲ್ಲ ಹೇಳಿ ಮುಗಿಸುವ ತನಕ ಕಾಕು ಅದೇ ಗುಂಡಿ ಒತ್ತುತ್ತಿದ್ದರು. “ಮನಷಾರ ಜೋಡಿ ಜಗಳಾ ಮಾಡಬಹುದವ್ವಾ, ಒಂದು ಹೊತ್ತಿಗೆ ದಣಿತಾರ,” ಎಂದು ಅವನು ನನ್ನ ಮುಂದೆ ಗೋಳಾಡುತ್ತ ಒಂದು ಕಟ್ಟು ಹೆಚ್ಚಿಗೆ ಎಸೆದು ಹೋಗುತ್ತಿದ್ದ. ಮಧು ಹುಡುಗಾಟಕ್ಕೆ ಕೆಂಪು ಟಿಕಳಿ ಒತ್ತಿ ಓಡಿದರೆ, ಹಿತ್ತಲಲ್ಲಿದ್ದ ಕಾಕಾ ಚಹಾಕ್ಕೆಂದು ಒಳಗೆ ಬಂದು ಬರಿಗೈಯಲ್ಲಿ ನಿಲ್ಲುತ್ತಿದ್ದರು.

ಆಪರೇಷನ್ ಆದಾಗಿನಿಂದ ಕಾಕುವಿನ ನಾಲಿಗೆ ಆ ಕಂಪ್ಯೂಟರಿನ ಡಿಸ್ಕಿನಲ್ಲಿತ್ತು. ಅದನ್ನೇ ಕಾಕಾ ಕಳೆದಿದ್ದರು.

ಹೇಗೆ ಕಳೆದರು ಎನ್ನುವುದಕ್ಕೆ ಅವರು ಎಂಥ ಮನುಷ್ಯ ಎಂಬುದನ್ನು ಮೊದಲು ಹೇಳಬೇಕು. ನಿಜಗುಣಪ್ಪ ಕಾಕಾ ಕಿತ್ತೂರಿನ ಹತ್ತಿರದ ಒಂದು ಸಣ್ಣ ಹಳ್ಳಿಯವರು. ಭೂಮಿ ಅಳೆಯುವ ಇಲಾಖೆಯಲ್ಲಿ ಸರಪಳಿ ಹಿಡಿಯುವ ಆಳಾಗಿ ಸೇರಿ, ಪರೀಕ್ಷೆ ಕಟ್ಟಿ, ಸರ್ವೇಯರ್ ಆಗಿ ನಿವೃತ್ತರಾದರು. ಸವದತ್ತಿಯ ಕರಿನೆಲ, ರಾಮದುರ್ಗದ ಕಲ್ಲುಭೂಮಿ, ಎಲ್ಲವನ್ನೂ ಕಾಲಲ್ಲಿ ಅಳೆದವರು. ಅಣ್ಣತಮ್ಮಂದಿರು ಬೇರೆಯಾಗುವಾಗ ಹೊಲ ಹಂಚುವುದಕ್ಕೆ, ನಮ್ಮ ಕಡೆ ವಾಟ್ನಿ ಅನ್ನುತ್ತೇವೆ, ಇವರನ್ನೇ ಕರೆಯುತ್ತಿದ್ದರು. ಈಗಲೂ ಮಕ್ಕಳಿಗೆ ಒಂದು ಹೋಳಿಗೆ ಹರಿದುಕೊಡುವಾಗ ಕಣ್ಣು ಕಿರಿದು ಮಾಡಿ ಗೆರೆ ಹಿಡಿಯುತ್ತಾರೆ. ಯಾವ ತುಂಡು ದೊಡ್ಡದು ಎಂದು ಮಕ್ಕಳಿಗೆ ಜಗಳವಾಡಲು ಆಗುವುದಿಲ್ಲ.

ಹೊಲ ಹಂಚುವಾಗ ಅವರದೊಂದು ಹಟವಿತ್ತು. ಹೊಸದಾಗಿ ಪಾಲು ತೆಗೆದುಕೊಳ್ಳುವವನಿಗೆ ರಸ್ತೆ ಕಡೆಯ ತುಂಡನ್ನೇ ಕೊಡಬೇಕು. ಅದು ಅವರ ಮನೆಯ ನೋವು. ಅವರ ಅಪ್ಪನಿಗೆ ಒಳಗಿನ ತುಂಡು ಬಂದಿತ್ತು, ನಾಲ್ಕೂ ಕಡೆ ದಾಯಾದಿಗಳ ಹೊಲ. ಬಿತ್ತನೆಯ ಹೊತ್ತಿಗೆ ಬೀಜದ ಬುಟ್ಟಿ ಹೊತ್ತ ಅವರವ್ವ ದೊಡ್ಡಪ್ಪನ ಬದುವಿನ ಮೇಲೆ ನಡೆದರೆ, ದೊಡ್ಡಪ್ಪ ಮನೆಯ ಕಟ್ಟೆಯ ಮೇಲೆ ನಿಂತು ಊರಿಗೆಲ್ಲ ಕೇಳುವಂತೆ ಬೈಯುತ್ತಿದ್ದನಂತೆ. ಕಡೆಗೆ ಆ ಹೊಲವನ್ನು ಅವನಿಗೇ ಬಿಟ್ಟುಕೊಟ್ಟರು. “ಪಾಲು ಸಣ್ಣದಾದ್ರೂ ನಡೀತದ,” ಎಂದು ಕಾಕಾ ನಮ್ಮ ಮನೆಯವರ ಮುಂದೆ ಎಷ್ಟೋ ಸಲ ಹೇಳಿದ್ದುಂಟು. “ಮಂದಿ ಬೆಳಿ ತುಳಕೋತ ತನ್ನ ಹೊಲಕ್ಕ ಹೋಗೂ ಹಣಿಬಾರ ಮಾತ್ರ ಯಾರಿಗೂ ಬ್ಯಾಡ.”

ನಿವೃತ್ತಿಯಾದ ಮೇಲೆ ನಕಾಶೆ ತೆಗೆಯಲು ಒಂದು ಹಳೆಯ ಕಂಪ್ಯೂಟರ್ ತಂದರು. ಅದು ತೆವಳುತ್ತಿತ್ತು. ಬಸ್ ನಿಲ್ದಾಣದ ಹತ್ತಿರ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿರುವ ಸಂದೀಪ ಅದಕ್ಕೆ ಲಿನಕ್ಸ್ ಹಾಕಿಕೊಟ್ಟ. ಕಂಪ್ಯೂಟರನ್ನು ನಡೆಸುವ ಮೂಲ ವ್ಯವಸ್ಥೆ ಅದು. ಪುಕ್ಕಟೆ ಸಿಗುತ್ತದೆ, ಹತ್ತಾರು ಬಗೆಯದಿದೆ, ಒಂದೇ ಡಿಸ್ಕನ್ನು ಭಾಗ ಮಾಡಿ ಒಂದೊಂದು ಭಾಗದಲ್ಲಿ ಒಂದೊಂದನ್ನು ಹಾಕಬಹುದು. ಇದನ್ನು ಕೇಳಿದ ದಿನ ಕಾಕಾ ಕುಣಿಯುವುದೊಂದು ಬಾಕಿ. ಡಿಸ್ಕನ್ನು ಭಾಗ ಮಾಡುವ ಪ್ರೋಗ್ರಾಮು ಪರದೆಯ ಮೇಲೆ ಉದ್ದನೆಯ ಪಟ್ಟಿ ತೋರಿಸುತ್ತದೆ, ಒಂದೊಂದು ಪಾಲಿಗೆ ಒಂದೊಂದು ಬಣ್ಣ. ಗೆರೆಯನ್ನು ಹಿಡಿದು ಎಳೆದರೆ ಪಾಲು ಹಿಗ್ಗುತ್ತದೆ, ಕುಗ್ಗುತ್ತದೆ. “ನೋಡ ಗಂಗವ್ವಾ, ಹೊಲಾನಽ ಇದು. ಬದು ಸರಸೂದು ಇಷ್ಟು ಹಗುರಿದ್ರ ನಮ್ಮ ತಾಲೂಕಿನ್ಯಾಗ ಒಂದು ಕೇಸೂ ಇರತಿರಲಿಲ್ಲ.”

ಕಾಕುವಿಗೆ ಆಪರೇಷನ್ ಅಂದಾಗ ಇಡೀ ಡಿಸ್ಕನ್ನು ಒರೆಸಿ ಅವರ ಮಾತಿಗೆಂದೇ ಒಂದು ಲಿನಕ್ಸ್ ಹಾಕಿದರು. ಆಮೇಲೆ ಹಿಂದಿನ ತುದಿಯಿಂದ ಒಂದು ತುಂಡು ಬಿಡಿಸಿ ತಮ್ಮ ನಕಾಶೆಗಳಿಗೆ ಬೇರೆಯದು, ಇನ್ನೊಂದು ತುಂಡು ಬಿಡಿಸಿ ಶ್ರೀಶೈಲನಿಗೆ ಬೇರೆಯದು. ಎರಡು ಸಲವೂ ಕಾಕುವಿನ ಪಾಲಿಗೆ ಏನೂ ಆಗಲಿಲ್ಲ. ಹಿಂದಿನ ಬದು ಮುಂದಕ್ಕೆ ಸರಿಯಿತು, ಅಷ್ಟೇ. ಯಂತ್ರ ಚಾಲೂ ಮಾಡಿದರೆ ಯಾರ ಪಾಲಿಗೆ ಹೋಗಬೇಕು ಎಂದು ಕೇಳುತ್ತಿತ್ತು. ಕಾಕುವಿನದೇ ಯಾವಾಗಲೂ ಮೊದಲು.

ಮಧು ಒಂದನೆಯ ತರಗತಿಗೆ ಹೋದಳು. ಅವಳಿಗೂ ಒಂದು ಪಾಲು ಕೊಡುವುದಾಗಿ ಕಾಕಾ ಮಾತು ಕೊಟ್ಟರು, ಮಕ್ಕಳ ಅಕ್ಷರ, ಲೆಕ್ಕ, ಚಿತ್ರ ಬಿಡಿಸುವುದು ಎಲ್ಲ ಇರುವ ಒಂದು ಲಿನಕ್ಸ್. ಕಾಕು ಊರಲ್ಲಿದ್ದಾಗ ಆ ಕೆಲಸ ಆಗುವಂತಿರಲಿಲ್ಲ. ಕಂಪ್ಯೂಟರ್ ಬಂದ್ ಮಾಡಿದರೆ ಅವರ ಬಾಯಿ ಬಂದ್ ಮಾಡಿದ ಹಾಗೆ. ಅದಕ್ಕೇ ಕುಬಸದ ದಿನಕ್ಕೆ ಕಾದಿದ್ದರು.

ಅವತ್ತು ಕುರ್ಚಿಯಲ್ಲಿ ಕೂತೇ, ನಾನು ಕೊಟ್ಟ ನೀರು ಹಿಡಿದುಕೊಂಡು, ಅದನ್ನು ಕುಡಿಯದೆ, ಆದದ್ದನ್ನೆಲ್ಲ ಹೇಳಿದರು.

“ನಾನೂ ಶ್ರೀಶೈಲನೂ ಮನಿಯಾಗಿನವ್ರು. ಆಕಿ ಪಾಲು ದಾಟಿ ಹಿಂದ ಹೋದ್ರ ಆಕಿ ಏನೂ ಅನ್ನಾಕಿ ಅಲ್ಲ. ಮಧು ಬಾಜೂ ಮನಿ ಕೂಸು. ಪರರ ಪಾಲು ತುಳಕೋತ ಅದು ಯಾಕ ಹೋಗಬೇಕು? ಅದಕ್ಕ ರಸ್ತಾ ಕಡೆ ಕೊಡೂಣು ಅಂತ ಮುಂದಿನ ಬದು ಹಿಡದು ಎಳದೆ.”

ಪಟ್ಟಿಯ ಎಡತುದಿ ಅವರ ಕಣ್ಣಿಗೆ ರಸ್ತೆ. ಅಲ್ಲಿ ಜಾಗ ಬಿಡಬೇಕಾದರೆ ಕಾಕುವಿನ ಪಾಲು ಪೂರ್ತಿಯಾಗಿ ಹಿಂದಕ್ಕೆ ಸರಿಯಬೇಕು, ಅದರಲ್ಲಿದ್ದ ಒಂದೊಂದು ಮಾತೂ ಎದ್ದು ಹೊಸ ಜಾಗಕ್ಕೆ ನಡೆಯಬೇಕು. ಹೊತ್ತು ಹಿಡಿಯುತ್ತದೆ, ನಕಲು ಇಟ್ಟುಕೊಂಡಿದ್ದೀರಾ ಎಂದು ಪ್ರೋಗ್ರಾಮು ಎಚ್ಚರಿಸಿತ್ತು. ನಕಲು ಇತ್ತು.

“ಎಲ್ಲೆ ಐತ್ರಿ ಕಾಕಾ ಆ ನಕಲು?” ನನಗೆ ಒಂದು ಕ್ಷಣ ಉಸಿರು ಬಂದಿತ್ತು.

“ಅದೂ ಆಕಿ ಪಾಲಿನ್ಯಾಗಽ ಇಟ್ಟಿದ್ದೆ. ಆಕೀ ಆಸ್ತಿ ಅಲ್ಲ, ಆಕೀ ಹತ್ರನಽ ಇರಲಿ ಅಂತ.”

ಅರ್ಧ ಕೆಲಸ ಆಗುವಷ್ಟರಲ್ಲಿ ಕರೆಂಟು ಹೋಯಿತು. ಕಂಪ್ಯೂಟರಿನ ಕೆಳಗಿದ್ದ ಬ್ಯಾಟರಿ ಪೆಟ್ಟಿಗೆ ಸ್ವಲ್ಪ ಹೊತ್ತು ಕೂಗಿ ಸುಮ್ಮನಾಯಿತು. ಕರೆಂಟು ಬಂದ ಮೇಲೆ ನೋಡಿದರೆ ಕಾಕುವಿನ ಪಾಲು ತೆರೆಯಲಿಲ್ಲ. ಗೆರೆಗಳೂ ತಪ್ಪಿದ್ದವು. ಅಲ್ಲಿಗೆ ಕೈ ಬಿಟ್ಟಿದ್ದರೂ ಆಗುತ್ತಿತ್ತು. ಆದರೆ ಮಳೆಗೆ ಗಡಿಯ ಬಾಂದು ಕಲ್ಲು ಕೊಚ್ಚಿಹೋದ ಹೊಲಗಳನ್ನು ಅವರು ಎಷ್ಟು ಸಲ ನಕಾಶೆ ಹಿಡಿದು ಮತ್ತೆ ಗುರುತಿಸಿಲ್ಲ? ಕಲ್ಲು ಹೋದರೂ ನೆಲ ಅಲ್ಲೇ ಇರುತ್ತದೆ, ಬೆಳೆಯೂ ಅಲ್ಲೇ ಇರುತ್ತದೆ. ಮೊದಲೇ ಬರೆದಿಟ್ಟುಕೊಂಡಿದ್ದ ಅಳತೆಯ ಪ್ರಕಾರ ಗೆರೆಗಳನ್ನು ಹೊಸದಾಗಿ ಎಳೆದರು. ರಸ್ತೆ ಕಡೆಯ ಪಾಲು ಖಾಲಿ ಕಂಡಿತು. ಅದರಲ್ಲಿ ಮಧುವಿನ ಲಿನಕ್ಸ್ ಕೂರಿಸಿದರು, ಹೆಸರು ಬರೆದರು. ಆಮೇಲೆ ಕಾಕುವಿನ ಪಾಲು ತೆರೆದರು. ಅದರಲ್ಲಿ ಏನೂ ಇರಲಿಲ್ಲ.

ಮೊದಲು ಗುಳಿಗೆ ತಂದುಕೊಟ್ಟು ನುಂಗಿಸಿದೆ. ಕಂಪ್ಯೂಟರಿನ ಸ್ವಿಚ್ಚು ತೆಗೆದೆ. ಸಂದೀಪನಿಗೆ ಫೋನು ಮಾಡಿದೆ.

ಸಂದೀಪ ಬಂದವನು ಕೂತು ನೋಡಿದ, ಎದ್ದು ನೋಡಿದ, ಚಪ್ಪಲಿ ಬಿಟ್ಟು ನೆಲದ ಮೇಲೆ ಕೂತು ನೋಡಿದ. ಕಡೆಗೆ ಕೇಳಿದ, “ಕಾಕಾ, ಡಿಸ್ಕಿಗೆ ರಸ್ತಾ ಎಲ್ಲೈತ್ರಿ? ಹಿಂದಿದ್ರೂ ಅಷ್ಟಽ, ಮುಂದಿದ್ರೂ ಅಷ್ಟಽ. ಯಾರೂ ಯಾರನ್ನೂ ತುಳಿಯೂದುಲ್ಲ.”

“ಗೊತ್ತಿತ್ತಪಾ,” ಎಂದರು ಕಾಕಾ. “ನೀ ಒಮ್ಮೆ ಹೇಳಿದ್ದಿ. ಕೈಗೆ ಗೊತ್ತಿರಲಿಲ್ಲ.”

“ಅರ್ಧಾ ಸಾಮಾನ ಹಳೇ ಮನ್ಯಾಗ, ಅರ್ಧಾ ಹೊಸಾ ಮನ್ಯಾಗ ಇದ್ದಾಗ ಕರೆಂಟ್ ಹೋಗೇತಿ. ಹಂಗಽ ಬಂದ್ ಮಾಡಿ ನನ್ನ ಕಡೆ ತಂದಿದ್ರ ಏನರೆ ಮಾಡಬಹುದಿತ್ತು. ನೀವು ಹಳೇ ಮನಿ ಮ್ಯಾಲೆ ಮತ್ತೊಂದು ಮನಿ ಕಟ್ಟೀರಿ.” ಹೇಳಿದ ಮೇಲೆ ಅವನಿಗೇ ಜಾಸ್ತಿಯಾಯಿತು ಅನ್ನಿಸಿತೇನೋ, “ಒಯ್ದು ನೋಡತೇನ್ರಿ, ಕೈ ಬಿಡೂದುಲ್ಲ,” ಎಂದು ಕಂಪ್ಯೂಟರನ್ನು ಕೂಸಿನ ಹಾಗೆ ಎತ್ತಿಕೊಂಡು ಹೋದ.

ಮರುದಿನ ತಂದುಕೊಟ್ಟ. ಕಾಕಾನ ನಕಾಶೆಗಳು ಒಂದೂ ಅಲುಗಿರಲಿಲ್ಲ. ಶ್ರೀಶೈಲನ ಸಿನಿಮಾ ಹಾಡುಗಳೂ ಹಾಗೆಯೇ ಇದ್ದವು. ಕಾಕುವಿನ ಪಾಲಿನಿಂದ ಸಂದೀಪ ಹೆಕ್ಕಿ ತೆಗೆದ ಚೂರುಗಳನ್ನು ಹಾಕಿ ಕೇಳಿಸಿದ. ಒಂದರಲ್ಲಿ ಕುಕ್ಕರಿನ ಸೀಟಿ. ಒಂದರಲ್ಲಿ ಕುರ್ಚಿ ಎಳೆದ ಸದ್ದು. ಇನ್ನೊಂದರಲ್ಲಿ ಕೆಮ್ಮು, ಆ ದಿನಗಳಲ್ಲಿ ಕಾಕು ಮಾತಿಗೆ ಮೊದಲು ಕೆಮ್ಮುತ್ತಿದ್ದ ಕೆಮ್ಮು. ಕೆಮ್ಮು ಮುಗಿದು ಮಾತು ಶುರುವಾಗಬೇಕು ಎನ್ನುವಲ್ಲಿಗೆ ಚೂರು ಮುಗಿಯುತ್ತಿತ್ತು. ಕಾಕಾ ಅದನ್ನು ಇನ್ನೊಮ್ಮೆ ಹಾಕು ಎಂದರು. ಸಂದೀಪ ಹಾಕಿದ. ಶ್ರೀಶೈಲ ಎದ್ದು ಹೊರಗೆ ಹೋದ.

ಬೇರೆ ಎಲ್ಲೂ ಆ ದನಿ ಇಲ್ಲ ಎಂಬುದು ನಮಗೆ ತಿಳಿದದ್ದು ಆಗಲೇ. ಶ್ರೀಶೈಲನ ಹಳೆಯ ಮೊಬೈಲು ನವಿಲುತೀರ್ಥದಲ್ಲಿ ನೀರಿಗೆ ಬಿದ್ದು ಹೋಗಿತ್ತು. ಅವನು ಚಚಡಿಯವರನ್ನೂ ಗುಟ್ಟಾಗಿ ಕೇಳಿದ, ಅವರ ಹತ್ತಿರ ಕಾಕುವಿನ ಫೋಟೋಗಳಿದ್ದವು, ದನಿ ಇರಲಿಲ್ಲ. ನಾನು ನನ್ನ ಮೊಬೈಲನ್ನು ಮೇಲಿಂದ ಕೆಳಗೆ ಹುಡುಕಿದೆ. ಕಾಕು ನನಗೆ ಯಾವತ್ತು ಫೋನು ಮಾಡಿದ್ದಾರೆ? ಏನಿದ್ದರೂ ಗೋಡೆಯ ಮೇಲಿಂದ ಕರೆಯುತ್ತಿದ್ದರು. ಗೋಡೆಯ ಮೇಲಿಂದ ಬಂದ ಮಾತು ಗಾಳಿಗೆ ಹೋಗಿತ್ತು.

“ನನಗ ಪಾಲು ಬ್ಯಾಡವ್ವಾ,” ಎಂದಳು ಮಧು ಅವತ್ತು ಊಟಕ್ಕೆ ಕೂತಾಗ. “ಆಯೀಗೆ ತಿರುಗಿ ಕೊಡು ಅಂತ ಅಜ್ಜಗ ಹೇಳು.”

ನಿನ್ನಿಂದ ಏನೂ ಆಗಿಲ್ಲ ಎಂದು ತಲೆ ಸವರಿದೆ.

ಅದರ ಮರುದಿನ ಮಧ್ಯಾಹ್ನ ಕಾಕು ಬಂದರು. ಫೋನಿನಲ್ಲಿ ಅವರಿಗೆ ಏನೂ ಹೇಳಿರಲಿಲ್ಲ, ಮಾತಾಡಲು ಬಾರದವರಿಗೆ ಫೋನಿನಲ್ಲಿ ಹೇಳಿ ಅಲ್ಲಿ ಒಬ್ಬರನ್ನೇ ಅಳಿಸುವುದು ಹೇಗೆ? ಮನೆಗೆ ಬಂದ ಮೇಲೆ, ಕೂರಿಸಿ, ನೀರು ಕೊಟ್ಟು, ನಿಧಾನವಾಗಿ ಹೇಳುವುದೆಂದು ಮಾತಾಗಿತ್ತು. ಹೇಳುವವರು ಕಾಕಾ, ಜೊತೆಗಿರುವವಳು ನಾನು. ಅವತ್ತು ಶಾಲೆಗೆ ರಜೆ, ಮಧುವೂ ಇದ್ದಳು.

ನಾವು ಅಂದುಕೊಂಡಂತೆ ಏನೂ ನಡೆಯಲಿಲ್ಲ. ಕಾಕು ಕುಬಸದ ಬುತ್ತಿಗಂಟು ಹಿಡಿದು ಒಳಗೆ ಬಂದವರು ಪಡಸಾಲೆಯಲ್ಲಿ ಹರಡಿದ ವಯರು, ತೊಳೆಯದ ಲೋಟ, ಮಡಚದ ಹಾಸಿಗೆ ನೋಡಿದರು. ಗಂಟನ್ನು ಕೆಳಗಿಡದೆಯೇ ನೇರ ಕಂಪ್ಯೂಟರಿನ ಹತ್ತಿರ ಹೋಗಿ ಹರಳಿನ ಟಿಕಳಿ ಒತ್ತಿದರು, ಗಂಡನಿಗೆ ಬೈಯಲು.

ಸದ್ದಿಲ್ಲ.

ಇನ್ನೊಮ್ಮೆ ಒತ್ತಿದರು. ಸ್ಪೀಕರಿನ ವಯರು ಕಿತ್ತು ಸೆರಗಿನಿಂದ ಒರೆಸಿ ಮತ್ತೆ ಚುಚ್ಚಿದರು. ಕೆಂಪು ಒತ್ತಿದರು. ಹಸಿರು ಒತ್ತಿದರು.

“ಆಯೀ,” ಎಂದಳು ಮಧು, “ನಿನ್ನ ಮಾತೆಲ್ಲಾ ಅಳಿಸಿ ಹೋಗ್ಯಾವ. ನನ್ನ ಪಾಲಿನ ಕೆಳಗ ಸಿಕ್ಕೊಂಡಾವ.”

ಕಾಕು ನನ್ನ ಕಡೆ ನೋಡಿದರು. ಸುಳ್ಳು ಎಂದು ಹೇಳು ಎನ್ನುವ ನೋಟ ಅದು. ನಾನು ತಲೆ ತಗ್ಗಿಸಿದೆ. ಆಗ ಕಾಕಾ ಹೇಳಿದರು, ರಸ್ತೆ, ಬದು, ಕರೆಂಟು, ಬಾಂದು ಕಲ್ಲು, ಎಲ್ಲ. ಒಂದನ್ನೂ ಮುಚ್ಚಿಡಲಿಲ್ಲ. ಕಾಕುವಿನ ಬಾಯಿ ಆಡುತ್ತಿತ್ತು. ಉಸಿರಾಡಲೆಂದು ಡಾಕ್ಟರರು ಮಾಡಿದ ಕುತ್ತಿಗೆಯ ತೂತಿನಿಂದ ಬರೀ ಉಸಿರಿನ ಸದ್ದು ಬರುತ್ತಿತ್ತು. ಏನು ಬೈದರೋ, ಏನು ಕೇಳಿದರೋ. ಆಮೇಲೆ ಗಂಟು ಬಿಚ್ಚಿ ಮಧುವಿನ ಕೈಗೆ ಒಂದು ಕರ್ಚಿಕಾಯಿ ಕೊಟ್ಟು ಒಳಗೆ ಹೋದರು. ಆ ಕರ್ಚಿಕಾಯಿ ಅವಳಿಗೆ ಕೊಟ್ಟದ್ದನ್ನು ನಾನು ಮರೆಯುವುದಿಲ್ಲ.

ಮುಂದಿನ ದಿನಗಳಲ್ಲಿ ಆ ಮನೆಯಲ್ಲಿ ಚಹಾ ಆರುತ್ತಿತ್ತು. ಕಾಕು ಮಾಡಿ ಒಲೆಯ ಪಕ್ಕ ಇಡುವರು. ಕರೆಯಲು ಬರುವುದಿಲ್ಲ, ಚಪ್ಪಾಳೆ ತಟ್ಟುವುದಕ್ಕೆ ಮನಸ್ಸಿಲ್ಲ. ಕಾಕಾ ಪಡಸಾಲೆಯಲ್ಲಿ ಕಾಯುವರು. ಯಾವಾಗಲೋ ಎದ್ದುಹೋಗಿ ಕೆನೆಗಟ್ಟಿದ್ದನ್ನು ಕುಡಿದು ಬರುವರು. “ಬೈದಿದ್ರ ಚಲೋ ಇತ್ತು,” ಎಂದರು ನನ್ನ ಹತ್ತಿರ. “ಬೈಯಾಕೂ ಏನೂ ಉಳಸಿಲ್ಲ ನಾ.”

ನಾನು ಮಧುವಿನ ಪಾಟಿ ಮತ್ತು ಬಳಪ ಒಯ್ದುಕೊಟ್ಟೆ. ಕಾಕು ಅದರ ಮೇಲೆ ‘ಹಾಲು’ ಎಂದು ಬರೆದರು, ‘ಸಕ್ಕರಿ’ ಎಂದು ಬರೆದರು, ಅದಕ್ಕಿಂತ ಉದ್ದದ ಮಾತು ಬರೆಯುವಷ್ಟರಲ್ಲಿ ಬೇಸತ್ತು ಒರೆಸಿಬಿಟ್ಟರು. ಕಾಯಿಪಲ್ಲೆಯವನು ಕಿಟಕಿಯ ಕೆಳಗೆ ಬಹಳ ಹೊತ್ತು ನಿಂತು ನೋಡಿದ. “ಆಯಿ ಊರಾಗಿಲ್ಲೇನು?” ಎಂದು ನನ್ನನ್ನು ಕೇಳಿದ. ಹೇಳಿದೆ. ಅವನು ಎರಡು ಕಟ್ಟು ಮೆಂತೆ ಕಿಟಕಿಯಲ್ಲಿಟ್ಟು ಗಾಡಿ ತಳ್ಳಿಕೊಂಡು ಹೋದ.

ಸಂದೀಪ ಇನ್ನೊಂದು ಉಪಾಯ ತಂದ. ಬರೆದದ್ದನ್ನು ಕನ್ನಡದಲ್ಲಿ ಓದಿ ಹೇಳುವ ಪ್ರೋಗ್ರಾಮು. ಅದನ್ನು ಕೆಂಪು ಟಿಕಳಿಗೆ ಕಟ್ಟಿ ಒತ್ತಿಸಿದ. ಒಬ್ಬ ಹೆಂಗಸು ರೇಡಿಯೋ ವಾರ್ತೆಯ ಧಾಟಿಯಲ್ಲಿ, “ಚಹಾ ಸಿದ್ಧವಾಗಿದೆ, ದಯವಿಟ್ಟು ಬನ್ನಿ,” ಎಂದಳು. ಕಾಕು ಹುಬ್ಬು ಗಂಟಿಕ್ಕಿ ಬಾಗಿಲ ಕಡೆ ನೋಡಿದರು, ಯಾರೋ ಸರಕಾರದವರು ಬಂದರು ಎಂಬಂತೆ. ಆಮೇಲೆ ಸೆರಗು ಬಾಯಿಗಿಟ್ಟುಕೊಂಡರು. ಭುಜ ಅಲುಗಾಡಿತು. ಅತ್ತರೋ ನಕ್ಕರೋ ನನಗೆ ಗೊತ್ತಾಗಲಿಲ್ಲ. ಸಂದೀಪನ ಬೆನ್ನು ತಟ್ಟಿ, ಬೇಡ ಎಂದು ಕೈಯಾಡಿಸಿದರು.

ಈ ದಿನ ಬೆಳಿಗ್ಗೆ ಇಬ್ಬರೂ ಕೂಡಿಯೇ ನಮ್ಮ ಮನೆಗೆ ಬಂದರು. ನಾನು ರೊಟ್ಟಿ ಬಡಿಯುತ್ತಿದ್ದೆ. ಕಾಕು ನನ್ನ ಪಕ್ಕ ಕುಕ್ಕರುಗಾಲಲ್ಲಿ ಕೂತು, ತಮ್ಮ ಕುತ್ತಿಗೆಗೆ ಬೆರಳಿಟ್ಟು ತೋರಿಸಿ, ಅದೇ ಬೆರಳನ್ನು ನನ್ನ ಗಂಟಲಿಗೆ ಮುಟ್ಟಿಸಿದರು. ನಾನು ಹಿಟ್ಟಿನ ಕೈ ಎತ್ತಿ ಹಾಗೇ ಕೂತೆ. ಏನು ಕೇಳುತ್ತಿದ್ದಾರೆ ಎಂದು ಮೈಗೆ ಮೊದಲು ತಿಳಿಯಿತು.

ಕಾಕಾ ಬಾಗಿಲಲ್ಲೇ ನಿಂತು ಹೇಳಿದರು, “ಗಂಗವ್ವಾ, ಆಕಿ ಮಾತೆಲ್ಲಾ ನಿನ್ನ ದನಿಲೆ ತುಂಬಿಸಿ ಕೊಡಬೇಕಂತ. ಆಕೀನಽ ನಿನ್ನ ಆರಿಸ್ಯಾಳ. ನಿನ್ನ ತವರಮನಿ ಮುನವಳ್ಳಿ ಮಾತೂ ಆಕಿ ಚಚಡಿ ಮಾತೂ ಒಂದಽ ಅಂತ.”

“ಬೈಗುಳಾನೂ ತುಂಬಬೇಕೇನ್ರಿ?” ಎಂದೆ.

ಕಾಕು ಜೋರಾಗಿ ತಲೆಯಾಡಿಸಿ, ಸೊಂಟದ ಚೀಲದಿಂದ ಹೊಸ ಹರಳಿನ ಟಿಕಳಿಯ ಪಾಕೀಟು ತೆಗೆದು ನನ್ನ ಮುಂದಿಟ್ಟರು.

“ಅದನ್ನಽ ಮೊದಲು ಅಂತಾಳ,” ಎಂದರು ಕಾಕಾ.

“ಹಿರ್ಯಾರನ್ನ ನಾ ಹೆಂಗ ಬೈಲ್ರಿ ಕಾಕಾ?”

“ರೀ ಹಚ್ಚಿ ಬೈ. ಆಕೀನೂ ರೀ ಹಚ್ಚೇ ಬೈತಿದ್ಲು.”

ನಾನು ಒಪ್ಪಿದೆ. ಮಧು ಶಾಲೆಗೆ ಹೋದ ಮೇಲೆ ಮನೆ ಶಾಂತವಿರುತ್ತದೆ, ಆಗ ಮೈಕು ಹಿಡಿಯಬಹುದು ಎಂದು ಹೊತ್ತೂ ಗೊತ್ತುಮಾಡಿದೆ. ನಕಲನ್ನು ಮೂರು ಬೇರೆ ಬೇರೆ ಪೆನ್‌ಡ್ರೈವಿನಲ್ಲಿ, ಒಂದನ್ನು ನಮ್ಮ ಮನೆಯ ಕಪಾಟಿನಲ್ಲಿ ಇಡಬೇಕು ಎಂದೂ ಹೇಳಿದೆ. ಕಾಕು ನನ್ನ ಗಲ್ಲ ಹಿಡಿದು ಅಲ್ಲಾಡಿಸಿ, ಮಧುವಿನ ಜಡೆ ಹೆಣೆಯಲು ಒಳಗೆ ಹೋದರು.

ಕಾಕಾ ಹೋಗಲಿಲ್ಲ. ಒಳಕೋಣೆಯ ಕಡೆ ಒಮ್ಮೆ ನೋಡಿ, ಒಂದು ಹೆಜ್ಜೆ ಮುಂದೆ ಬಂದು, ದನಿ ತಗ್ಗಿಸಿದರು.

“ನಂದೂ ಒಂದು ಕೆಲಸ ಐತಿ ನಿನ್ನ ಕಡೆ. ಎಲ್ಲಾ ತುಂಬು. ಚಾ, ಊಟ, ಮೆಂತೇಪಲ್ಲೆ, ಬೈಗುಳ, ಆಕಿ ಏನೇನ್ ಹೇಳ್ತಾಳ ಎಲ್ಲಾ. ಒಂದು ಮಾತ್ರ ಬ್ಯಾಡ. ನಾ ಹೊರಗಿಂದ ಬಂದು ಕಾಲಿಗೆ ನೀರು ಹಾಕ್ಕೊಳ್ಳೂ ಹೊತ್ತಿಗೆ ಆಕಿ ಒಳಗಿಂದ ‘ಬಂದ್ರೇನ್ರಿ?’ ಅಂತಿದ್ಲು. ಅದನ್ನೂ ನಿನ್ನ ಕಡೆ ಅನಸಾಕ ನೋಡ್ತಾಳ. ನೀ ಏನರೆ ನೆವಾ ಹೇಳಿ ಬಿಟ್ಟುಬಿಡು ನಮ್ಮವ್ವಾ. ಅದೊಂದು ಗುಂಡಿ ಖಾಲಿ ಇರಲಿ.”